ರಸ್ತೆಗೆ ಪ್ರಶಸ್ತಿ ಬಂತು, ಅರ್ಜಿ ಬರೆಯೋಕೆ ಕೂತಾಗ ಹಳೇ ರಸ್ತೆಯ ಒಂದು ಫೋಟೋನೂ ಇರ್ಲಿಲ್ಲ

ನಾನು ಸಿವಿಲ್ ಇಂಜಿನಿಯರ್, ಹನ್ನೆರಡು ವರ್ಷದಿಂದ ಬೆಂಗಳೂರಲ್ಲಿ ರಸ್ತೆ ಕೆಲಸನೇ ಮಾಡ್ತಿದೀನಿ, ಒಂದು ಸರ್ಕಾರಿ ಸಂಸ್ಥೆ ಪ್ರಾಜೆಕ್ಟ್‌ಗಳಲ್ಲಿ ಸೈಟ್ ನೋಡ್ಕೊಳ್ಳೋಳು. ನಾವು ಮಾಡಿದ ಒಂದು ರಸ್ತೆಗೆ ಪ್ರಶಸ್ತಿ ಬಂತು. ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆ, ಹೆಚ್ಚು ಕಮ್ಮಿ ಒಂದು ಕಿಲೋಮೀಟರ್ ರಸ್ತೆ, ಅದ್ರಲ್ಲಿ ಒಂದು ಬಸ್ ಸ್ಟಾಪು, ಒಂದು ಸ್ಕೂಲು, ಒಂದು ನರ್ಸಿಂಗ್ ಹೋಮು, ಮೂರು ದರ್ಶಿನಿ. ಆ ಪ್ರಶಸ್ತಿಗೆ ಅರ್ಜಿ ರೆಡಿ ಮಾಡಿದ್ದು ನಾನೇ, ಅದನ್ನ ಬರೀತಾ ಬರೀತಾ ನಾನು ಕಲಿತಿದ್ದು ರಸ್ತೆ ಕಟ್ಟುವಾಗ ಕಲಿತಿದ್ದಕ್ಕಿಂತ ಜಾಸ್ತಿ ಅಂತ ಇವತ್ತಿಗೂ ಅನ್ಸುತ್ತೆ. ಇದೇ ಫೀಲ್ಡಲ್ಲಿ ಇರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಮೊದ್ಲು ನಾವು ಏನ್ ಮಾಡಿದ್ವಿ ಅಂತ ಹೇಳ್ಬಿಡ್ತೀನಿ. ಬೆಂಗಳೂರಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಮ್ಯೂಸಿಯಂ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಗಳಲ್ಲಿ ಟೆಂಡರ್ ಶ್ಯೂರ್ ಅನ್ನೋ ಮಾದರಿಯ ರಸ್ತೆ ಕೆಲಸ ಆಗಿದ್ದು ನೀವೂ ನೋಡಿರ್ತೀರ. ಅದರ ಲೆಕ್ಕಾಚಾರ ಏನಂದ್ರೆ ರಸ್ತೆ ಎಷ್ಟೇ ಅಗಲ ಇರ್ಲಿ, ಗಾಡಿ ಓಡೋ ಲೇನ್ ಉದ್ದಕ್ಕೂ ಒಂದೇ ಅಗಲ ಇರ್ಬೇಕು, ಮಿಕ್ಕಿದ್ ಜಾಗ ಎಲ್ಲಾ ಫುಟ್‌ಪಾತ್‌ಗೆ, ಬಸ್ ನಿಲ್ಲೋಕೆ, ಪಾರ್ಕಿಂಗ್‌ಗೆ. ಆ ಫುಟ್‌ಪಾತ್ ಕೆಳಗೆ ನೀರಿನ ಪೈಪು, ಯುಜಿಡಿ (ಒಳಚರಂಡಿ), ಕರೆಂಟ್ ಕೇಬಲ್, ಓಎಫ್‌ಸಿ (ಇಂಟರ್ನೆಟ್) ಕೇಬಲ್ ಎಲ್ಲದಕ್ಕೂ ಅವರವರ ಜಾಗ, ಅಲ್ಲಲ್ಲಿ ಚೇಂಬರ್, ನಾಳೆ ಯಾರೋ ಹೊಸ ಕೇಬಲ್ ಎಳೀಬೇಕು ಅಂದ್ರೆ ಚೇಂಬರ್ ಮುಚ್ಚಳ ತೆಗೆದು ಡಕ್ಟ್ (ಕೇಬಲ್ ಹೋಗೋ ಕೊಳವೆ) ಒಳಗೆ ತೂರಿಸ್ಬೇಕೇ ಹೊರತು ಡಾಂಬರು ಅಗೆಯೋ ಹಾಗಿಲ್ಲ. ನಮ್ಮ ರಸ್ತೆನೂ ಇದೇ ಲೆಕ್ಕದಲ್ಲಿ ಮಾಡಿದ್ದು.

ಕೆಲಸ ಮುಗಿದು ಏಳೆಂಟು ತಿಂಗಳಾದ್ಮೇಲೆ ನಮ್ಮ ಮೇಲಧಿಕಾರಿ ಕರೆದು ಒಂದು ಫಾರಂ ಕೊಟ್ರು, ಹನ್ನೊಂದು ದಿನ ಟೈಮ್ ಇದೆ, ತುಂಬಿಸಮ್ಮ ಅಂದ್ರು. ಮೊದಲನೇ ಪುಟ ಸಲೀಸು, ವೆಚ್ಚ, ಉದ್ದ, ಅವಧಿ, ಎಲ್ಲಾ ಕೆಲಸದ ಅಳತೆ ಬರೆಯೋ ಎಂಬಿ ಪುಸ್ತಕದಲ್ಲಿ ಇದ್ದಿದ್ದೇ. ಎರಡನೇ ಪುಟದಲ್ಲಿ ಒಂದೇ ಪ್ರಶ್ನೆ: ಕಾಮಗಾರಿಗೆ ಮುಂಚೆ ಪರಿಸ್ಥಿತಿ ಹೇಗಿತ್ತು, ಈಗ ಏನು ಬದಲಾಗಿದೆ, ಫೋಟೋ ಮತ್ತು ಅಂಕಿಅಂಶ ಸಮೇತ ತೋರಿಸಿ.

ನನ್ನ ಹತ್ರ ಸಾವಿರಾರು ಫೋಟೋ ಇತ್ತು, ಆದ್ರೆ ಎಲ್ಲಾ ಜೆಸಿಬಿ ಬಂದ್ಮೇಲಿನವು. ಗುಂಡಿ, ಕಬ್ಬಿಣ, ಕಾಂಕ್ರೀಟ್, ಪೈಪು. ಅಗೆಯೋಕೆ ಮುಂಚೆ ಆ ರಸ್ತೆ ಹೇಗಿತ್ತು ಅನ್ನೋಕೆ ಒಂದೇ ಒಂದು ನೆಟ್ಟಗಿರೋ ಫೋಟೋ ಇಲ್ಲ. ಎಷ್ಟು ಜನ ನಡೀತಿದ್ರು ಅಂತ ಯಾರೂ ಎಣಿಸಿಲ್ಲ. ಗಾಡಿ ಎಣಿಸಿದ್ವಿ, ಟ್ರಾಫಿಕ್ ಸರ್ವೆ ಡಿಪಿಆರ್‌ನಲ್ಲೇ (ಯೋಜನಾ ವರದಿಯಲ್ಲೇ) ಇತ್ತು, ಕಾರು ಎಷ್ಟು ಆಟೋ ಎಷ್ಟು ಬಸ್ಸು ಎಷ್ಟು ಅಂತ ಗಂಟೆ ಗಂಟೆ ಲೆಕ್ಕ. ನಡೆಯೋ ಮನುಷ್ಯನಿಗೆ ಮಾತ್ರ ಕಾಲಂ ಇಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೇ ವಾಹನ ಓಡಾಡೋದಕ್ಕಿಂತ ಜನ ಓಡಾಡೋದು ಮುಖ್ಯ ಅಂತ ಬರೆದಿದೆ, ನಾನೇ ಟ್ರೇನಿಂಗಲ್ಲಿ ಎಷ್ಟೋ ಸಲ ಹೇಳಿದ್ದ ಮಾತು ಅದು. ಫುಟ್‌ಪಾತ್‌ಗೋಸ್ಕರನೇ ಮಾಡಿದ ರಸ್ತೆಯಲ್ಲಿ ಫುಟ್‌ಪಾತ್ ಮೇಲೆ ನಡೆಯೋರನ್ನ ಎಣಿಸಿಲ್ಲ ಅಂತ ಗೊತ್ತಾದಾಗ ನಂಗೆ ನಿಜಕ್ಕೂ ಬೇಜಾರಾಯ್ತು, ರಾತ್ರಿ ಊಟ ಸೇರ್ಲಿಲ್ಲ.

ಫೋಟೋ ಕೊನೆಗೆ ಸಿಕ್ಕಿದ್ದು ದರ್ಶಿನಿಯಲ್ಲಿ. ಬೆಳಿಗ್ಗೆ ಕಾಫಿ ಕುಡೀತಾ ಓನರ್ ಹತ್ರ ಹೇಳ್ಕೊಂಡೆ, ಹಳೇ ರಸ್ತೆ ಫೋಟೋ ಯಾರ ಹತ್ರ ಆದ್ರೂ ಇರುತ್ತಾ ಅಂತ. ಅವರು ಗಲ್ಲಾ ಪೆಟ್ಟಿಗೆ ಪಕ್ಕ ಚಾರ್ಜಿಗಿಟ್ಟಿದ್ದ ಫೋನ್ ತೆಗೆದು, "ಗಣೇಶನ ಮೆರವಣಿಗೆ ಫೋಟೋ ಐತೆ ಮೇಡಂ, ಆಗ್ಬೋದಾ" ಅಂದ್ರು. ಮೂರು ವರ್ಷದ ಮೆರವಣಿಗೆ ಇತ್ತು ಅದ್ರಲ್ಲಿ. ಟೆಂಪೋ ಮೇಲೆ ಗಣಪತಿ, ಮುಂದೆ ತಮಟೆ ಹುಡುಗ್ರು, ಅವರ ಕಾಲ ಕೆಳಗೆ ನಮ್ಮ ಹಳೇ ರಸ್ತೆ! ಚಪ್ಪಡಿ ಕಲ್ಲು ಒಂದು ಮೇಲೆದ್ದು ಒಂದು ಒಳಗೋಗಿ ಮಧ್ಯದಲ್ಲಿ ಚರಂಡಿ ಕಾಣ್ತಿತ್ತು, ಟ್ರಾನ್ಸ್‌ಫಾರ್ಮರ್ ಕಂಬ ಸರಿಯಾಗಿ ಫುಟ್‌ಪಾತ್ ನಡುವಲ್ಲಿ, ಒಬ್ರು ಅಜ್ಜಿ ಮೊಮ್ಮಗಳ ಕೈ ಹಿಡ್ಕೊಂಡು ಫುಟ್‌ಪಾತ್ ಇಳಿದು ಬಸ್ಸಿನ ಪಕ್ಕ ನಿಂತಿದ್ರು. ನಾವು ದುಡ್ಡು ಕೊಟ್ಟು ತೆಗೆಸಿದ್ರೂ ಅಂಥ ಫೋಟೋ ಸಿಗ್ತಿರ್ಲಿಲ್ಲ. ಅದೇ ಜಾಗದಲ್ಲಿ ಅದೇ ಕೋನದಲ್ಲಿ ನಿಂತು ಈಗಿನ ಫೋಟೋ ತೆಗೆದು ಎರಡನ್ನೂ ಪಕ್ಕಪಕ್ಕ ಹಾಕಿದೆ, ಫೋಟೋದಲ್ಲಿದ್ದೋರ ಮುಖ ಎಲ್ಲಾ ಮಸುಕು ಮಾಡಿ.

ಎಣಿಕೆಗೆ ಅಂಥ ದಾರಿ ಇರ್ಲಿಲ್ಲ. ಸುಳ್ಳು ಅಂಕಿ ಬರೆಯೋಕೆ ನಾನು ಒಪ್ಲಿಲ್ಲ, ಒಂದಿಬ್ರು ಅಂದಾಜು ಹಾಕು ಅಂದ್ರು, ಆಗಲ್ಲ ಅಂದೆ. ಅದರ ಬದ್ಲು ಪಕ್ಕದಲ್ಲೇ ಅದೇ ತರದ ಇನ್ನೊಂದು ರಸ್ತೆ ಇತ್ತು, ಅಲ್ಲಿ ಇನ್ನೂ ಕೆಲಸ ಶುರುವಾಗಿರ್ಲಿಲ್ಲ. ಎರಡೂ ಕಡೆ ಒಂದೇ ದಿನ ಒಂದೇ ಹೊತ್ತಲ್ಲಿ ನಿಂತು ಎಣಿಸಿದ್ವಿ. ಎಣಿಸಿದ್ದು ಇಷ್ಟೇ: ನಡೆಯೋರಲ್ಲಿ ಎಷ್ಟು ಜನ ಫುಟ್‌ಪಾತ್ ಮೇಲಿದಾರೆ, ಎಷ್ಟು ಜನ ರಸ್ತೆಗಿಳಿದಿದಾರೆ. ಹದಿನೈದು ನಿಮಿಷಕ್ಕೊಂದು ಸಾಲು, ನಾಲ್ಕು ಗೆರೆ ಎಳೆದು ಐದನೇದು ಅಡ್ಡಗೆರೆ. ಆ ಪಕ್ಕದ ರಸ್ತೆಯಲ್ಲಿ ಹತ್ತು ಜನ ನಡೆದ್ರೆ ಆರೇಳು ಜನ ಗಾಡಿಗಳ ಮಧ್ಯ ಇದ್ರು, ನಮ್ಮ ಹೊಸ ರಸ್ತೆಯಲ್ಲಿ ಒಬ್ರೋ ಇಬ್ರೋ. ಇದು ಮುಂಚಿನ ಲೆಕ್ಕ ಅಲ್ಲ, ಪಕ್ಕದ ರಸ್ತೆ ಲೆಕ್ಕ ಅಂತ ಫಾರಂನಲ್ಲಿ ಸ್ಪಷ್ಟವಾಗೇ ಬರೆದೆ.

ಇನ್ನು ನೆಲದ ಕೆಳಗಿನ ಮಾತು. ಇದನ್ನ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ನಮ್ಮ ರಸ್ತೆ ತಡ ಆಗಿದ್ದು ಪೂರ್ತಿ ಇಲ್ಲೇ. ಬೇರೆ ಬೇರೆ ಇಲಾಖೆಯಿಂದ ತಂದ ನಕ್ಷೆಗಳನ್ನ ಒಂದರ ಮೇಲೊಂದು ಇಟ್ರೆ ಒಂದಕ್ಕೊಂದು ಹೊಂದ್ತಾನೇ ಇರ್ಲಿಲ್ಲ. ಹಂಗಾಗಿ ಐವತ್ತು ಮೀಟರ್‌ಗೊಂದು ಟ್ರಯಲ್ ಪಿಟ್ (ಕೆಳಗೆ ಏನಿದೆ ಅಂತ ನೋಡೋ ಗುಂಡಿ), ರಸ್ತೆಗೆ ಅಡ್ಡಡ್ಡ, ಪೂರ್ತಿ ಕೈಯಲ್ಲೇ ಅಗೆಯೋದು, ಜೆಸಿಬಿ ಹತ್ರನೂ ಬರಂಗಿಲ್ಲ. ನಮ್ಮ ಮೇಸ್ತ್ರಿ ಯಾದಗಿರಿ ಕಡೆಯೋರು, ಅವರು ಹುಡುಗ್ರಿಗೆ ಹೇಳಿಕೊಟ್ಟಿದ್ದು ನಂಗೆ ಯಾವ ಕಾಲೇಜಲ್ಲೂ ಹೇಳಿಕೊಟ್ಟಿರ್ಲಿಲ್ಲ: ಮಣ್ಣು ಬಣ್ಣ ಬದಲಾಗಿ ಮರಳು ಸಿಕ್ತು ಅಂದ್ರೆ ಹಾರೆ ಬಿಡು, ಸಾಲಾಗಿ ಇಟ್ಟಿಗೆ ಕಾಣ್ತು ಅಂದ್ರೆ ಗುಂಡಿಯಿಂದ ಎದ್ದು ಮೇಲೆ ಬಾ, ಕೆಳಗೆ ಹೆಚ್‌ಟಿ ಕೇಬಲ್ ಐತಿ. ಹೆಚ್‌ಟಿ ಅಂದ್ರೆ ಹೈ ಟೆನ್ಶನ್ ಕರೆಂಟ್, ಆ ಕೇಬಲ್ ಹಾಕಿದೋರು ಅದರ ಮೇಲೆ ಮರಳು ಹಾಸಿ ಇಟ್ಟಿಗೆ ಮುಚ್ಚಿರ್ತಾರೆ, ಅದು ಮುಂದೆ ಅಗೆಯೋನಿಗೆ ಬಿಟ್ಟ ಎಚ್ಚರಿಕೆ. ಮೂರನೇ ಪಿಟ್‌ನಲ್ಲೇ ಇಟ್ಟಿಗೆ ಸಾಲು ಸಿಕ್ತು, ನಕ್ಷೆಯಲ್ಲಿ ಆ ಕೇಬಲ್ ರಸ್ತೆಯ ಆ ಬದಿಗಿತ್ತು.

ನೀರಿನ ಪೈಪ್ ವಿಷಯದಲ್ಲಿ ಮಾತ್ರ ತಪ್ಪು ನಮ್ಮದೇ. ಒಂದು ರಾತ್ರಿ ಹನ್ನೊಂದೂವರೆಗೆ ಹಳೇ ಬೀಡು ಕಬ್ಬಿಣದ ಪೈಪಿಗೆ ಜೆಸಿಬಿ ಬಕೆಟ್ ತಾಗಿ ಒಡೀತು, ಎರಡು ಪಿಟ್ ನಡುವೆ ಪೈಪು ನೇರ ಹೋಗಿರುತ್ತೆ ಅಂತ ನಾನು ಅನ್ಕೊಂಡಿದ್ದೆ, ಅದು ಒಂದು ಹಳೇ ಮರದ ಬುಡ ತಪ್ಪಿಸೋಕೆ ಬಳಸ್ಕೊಂಡು ಹೋಗಿತ್ತು. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡ್ಕೊಂಡು ಬಂದ ಕಾವೇರಿ ನೀರು ಮೊಣಕಾಲುದ್ದ ನಿಂತು ಚರಂಡಿಗೆ ಹೋಗ್ತಿದ್ರೆ ಹೊಟ್ಟೆ ಉರಿಯುತ್ತೆ. ಆ ಏರಿಯಾ ವಾಲ್ವ್‌ಮನ್ ಗಾಡಿ ಹಾಕ್ಕೊಂಡು ಬಂದ್ರು, ಟಾರ್ಚೂ ಕೇಳ್ಲಿಲ್ಲ, ಸೀದಾ ಒಂದು ಮನೆ ಗೇಟ್ ಮುಂದೆ ಹೋಗಿ ಕಾಲಲ್ಲೇ ಮಣ್ಣು ಸರಿಸಿ ಮುಚ್ಚಳ ಹುಡುಕಿ ಕೀಲಿ ತಿರುಗಿಸಿದ್ರು, ನೀರು ನಿಲ್ತು. "ಅಣ್ಣ, ಇದು ನಕ್ಷೆಯಲ್ಲೇ ಇಲ್ವಲ್ಲ" ಅಂದೆ. "ನಾನ್ ಇದೀನಲ್ಲಮ್ಮ" ಅಂದ್ರು. ಅವರು ರಿಟೈರ್ ಆಗೋಕೆ ಆಗ ಎರಡು ವರ್ಷ ಬಾಕಿ ಇತ್ತು.

ಮಾರನೇ ದಿನ ಬೆಳಿಗ್ಗೆ ಅವರನ್ನ ಕರ್ಕೊಂಡು ರಸ್ತೆ ಉದ್ದಕ್ಕೂ ನಡೆದೆ, ಒಬ್ಬ ಹುಡುಗ ಪೇಂಟ್ ಡಬ್ಬ ಹಿಡ್ಕೊಂಡು ಹಿಂದೆ. ಅವರು ಕೈ ತೋರಿಸಿದ ಕಡೆ ಎಲ್ಲಾ ನೀಲಿ ಗೆರೆ, ವಾಲ್ವ್ ಇರೋ ಕಡೆ ಸೊನ್ನೆ. ಎರಡು ಗಂಟೆ ಕೆಲಸ, ಅಷ್ಟೇ. ಅದನ್ನ ನಾನು ಶುರುವಲ್ಲೇ ಮಾಡಿದ್ರೆ ಆ ಪೈಪ್ ಒಡೀತಿರ್ಲಿಲ್ಲ, ಮೂರು ಬೀದಿ ಜನಕ್ಕೆ ಎರಡು ದಿನ ಟ್ಯಾಂಕರ್ ನೀರು ಕುಡಿಸೋ ಪರಿಸ್ಥಿತಿ ಬರ್ತಿರ್ಲಿಲ್ಲ.

ಜ್ಯೂರಿ ಬಂದ ದಿನ ನಾವೆಲ್ಲ ಸಾದರಹಳ್ಳಿ ಕಲ್ಲಿನ ಕರ್ಬ್ (ಫುಟ್‌ಪಾತ್ ಅಂಚಿನ ಕಲ್ಲು), ಕಣ್ಣು ಕಾಣದೋರು ಕಾಲಲ್ಲೇ ದಾರಿ ಗುರ್ತಿಸೋ ಟ್ಯಾಕ್ಟೈಲ್ ಟೈಲ್ಸು, ಗಿಡ ಎಲ್ಲಾ ತೊಳೆಸಿ ಇಟ್ಟಿದ್ವಿ. ಅವರಲ್ಲಿ ಒಬ್ಬ ಹಿರಿಯರು ಬಂದೋರೇ ಒಂದು ಚೇಂಬರ್ ಮುಚ್ಚಳ ತೆಗೆಸಿ ಅಂದ್ರು. ತೆಗೆಸಿದ್ವಿ. ಬಗ್ಗಿ ನೋಡಿ ಖಾಲಿ ಡಕ್ಟ್ ಎಷ್ಟಿದೆ ಅಂತ ಎಣಿಸಿದ್ರು, ಎರಡು ಖಾಲಿ ಇತ್ತು. ಕೆಲಸ ಮುಗಿದ್ಮೇಲೆ ಈ ರಸ್ತೆ ಯಾರಾದ್ರೂ ಕಟ್ ಮಾಡಿದಾರಾ ಅಂತ ಕೇಳಿದ್ರು, ಇಲ್ಲ ಸಾರ್ ಅಂದೆ. ಆಮೇಲೆ ಆ ನೀಲಿ ಗೆರೆ ಎಲ್ಲಾ ಸೇರಿಸಿ ನಾವು ಬರೆದಿದ್ದ ಆಸ್ ಬಿಲ್ಟ್ ಡ್ರಾಯಿಂಗ್ (ನಿಜಕ್ಕೂ ಏನು ಎಲ್ಲಿದೆ ಅನ್ನೋ ನಕ್ಷೆ) ಕೇಳಿ ಪಡ್ಕೊಂಡು ಅಲ್ಲೇ ಕಟ್ಟೆ ಮೇಲೆ ಕೂತು ತುಂಬಾ ಹೊತ್ತು ನೋಡಿದ್ರು. ಟೈಲ್ಸ್ ಬಗ್ಗೆ ಒಂದೂ ಮಾತಾಡ್ಲಿಲ್ಲ.

ಎಲ್ಲಾ ಸರಿ ಹೋಯ್ತು ಅಂತ ಹೇಳಲ್ಲ ನಾನು. ನಡೆಯೋರ ಸೌಕರ್ಯಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾಡಿರೋ ಮಾರ್ಗಸೂಚಿ ಐಆರ್‌ಸಿ 103 ಹೇಳೋ ಹಾಗೆ ಕರ್ಬ್ 150 ಎಂಎಂ ಒಳಗೆ, ನಡೆಯೋ ಜಾಗ ಎಲ್ಲೂ 1.8 ಮೀಟರ್‌ಗಿಂತ ಕಮ್ಮಿ ಇಲ್ಲದ ಹಾಗೆ, ರ್‍ಯಾಂಪ್ ಒಂದಕ್ಕೆ ಹನ್ನೆರಡು ಇಳಿಜಾರಲ್ಲಿ (ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ) ಮಾಡಿದ್ವಿ. ಆದ್ರೆ ವೀಲ್‌ಚೇರ್ ಹತ್ತೋ ರ್‍ಯಾಂಪಲ್ಲೇ ಬೈಕೂ ಹತ್ತುತ್ತೆ. ಬೊಲ್ಲಾರ್ಡ್ (ಗಾಡಿ ತಡೆಯೋ ಗಿಡ್ಡ ಕಂಬ) ಹತ್ರತ್ರ ಹಾಕಿದ್ರೆ ವೀಲ್‌ಚೇರ್ ಹೋಗಲ್ಲ, ದೂರ ಹಾಕಿದ್ರೆ ಸ್ಕೂಟರ್ ನುಗ್ಗುತ್ತೆ, ನಾನು ವೀಲ್‌ಚೇರ್ ಕಡೆ ನಿಂತೆ, ಇವತ್ತಿಗೂ ಅದೇ ಸರಿ ಅಂತೀನಿ. ಸಂಜೆ ಆರರಿಂದ ಎಂಟು ಗಂಟೆವರೆಗೆ ನರ್ಸಿಂಗ್ ಹೋಮ್ ಮುಂದೆ ಬೈಕ್ ಕಾಟ ಇದ್ದೇ ಇದೆ, ಅದಕ್ಕೆ ಕಲ್ಲಿನ ಪರಿಹಾರ ಇಲ್ಲ, ಟ್ರಾಫಿಕ್ ಪೊಲೀಸ್ ನಿಂತ್ರೆ ಮಾತ್ರ ನಿಲ್ಲುತ್ತೆ.

ಅರ್ಜಿಯಲ್ಲಿ ಟೀಮ್ ಸದಸ್ಯರು ಅಂತ ಒಂದು ಕಾಲಂ ಇತ್ತು. ಅಧಿಕಾರಿಗಳ ಹೆಸರೆಲ್ಲ ಬರೆದ್ಮೇಲೆ ನಾನು ಒಂದು ಹಾಳೆ ಬೇರೆ ಸೇರಿಸಿದೆ, ಮೇಸ್ತ್ರಿ, ಕಲ್ಲು ಕೂರಿಸಿದ ಹನ್ನೊಂದು ಜನ, ಗುಂಡಿ ಅಗೆದ ಹುಡುಗ್ರು, ಆ ವಾಲ್ವ್‌ಮನ್ ಅಣ್ಣ. ಯಾರೂ ಬೇಡ ಅನ್ಲಿಲ್ಲ. ಪ್ರಶಸ್ತಿ ಬಂದ್ಮೇಲೆ ಆ ಹಾಳೆ ಜೆರಾಕ್ಸ್ ಮಾಡಿಸಿ ಎಲ್ರಿಗೂ ಒಂದೊಂದು ಕೊಟ್ಟೆ, ಮೇಸ್ತ್ರಿ ಅದಕ್ಕೆ ಲ್ಯಾಮಿನೇಶನ್ ಮಾಡಿಸಿ ಊರಿಗೆ ತಗೊಂಡೋದ್ರು.

ಈಗ ಆ ಪಕ್ಕದ ರಸ್ತೆ ಕೆಲಸ ನಂಗೇ ಬಂದಿದೆ. ಈ ಸಲ ಅಗೆಯೋಕೆ ಒಂದು ತಿಂಗಳು ಮುಂಚೆನೇ ಶುರು ಮಾಡಿದೀನಿ. ಇಪ್ಪತ್ತು ಕಂಬಕ್ಕೆ ನಂಬರ್ ಹಾಕಿ, ಪ್ರತಿ ಕಂಬದ ಹತ್ರ ನಿಂತು ಎರಡೂ ಕಡೆಗೆ ಫೋಟೋ, ಬೆಳಿಗ್ಗೆ ಒಂದು ರಾತ್ರಿ ಒಂದು, ಕತ್ತಲಲ್ಲಿ ಎಲ್ಲಿ ಲೈಟ್ ಬೀಳಲ್ಲ ಅಂತ ರಾತ್ರಿ ಫೋಟೋದಲ್ಲೇ ಗೊತ್ತಾಗೋದು. ಮಳೆ ಬಂದ ದಿನ ನೀರೆಲ್ಲಿ ನಿಲ್ಲುತ್ತೆ ಅಂತ ಬೇರೆ ಫೋಟೋ. ವಾರದಲ್ಲಿ ಎರಡು ದಿನ, ಜೊತೆಗೊಂದು ಭಾನುವಾರ, ನಡೆಯೋರ ಎಣಿಕೆ, ಅದ್ರಲ್ಲಿ ಮಕ್ಕಳು, ವಯಸ್ಸಾದೋರು, ಕೋಲು ಹಿಡಿದೋರಿಗೆ ಬೇರೆ ಬೇರೆ ಕಾಲಂ. ವಾಲ್ವ್‌ಮನ್ ಅಣ್ಣ ರಿಟೈರ್ ಆಗಿದಾರೆ, ಫೋನ್ ಮಾಡಿದೆ, ಶನಿವಾರ ಬರ್ತೀನಿ ಅಂದಿದಾರೆ, ನೀಲಿ ಪೇಂಟ್ ಎರಡು ಡಬ್ಬ ತರಿಸಿ ಇಟ್ಟಿದೀನಿ.