ಬಿಸಿಲಿಗೂ ರಾಡಿಗೂ ಒಗ್ಗುವ ರೈಡಿಂಗ್ ಗೇರ್: ನಾನು ಆರಿಸಿದ ಬಗೆ

ಬೈಕ್ ಓಡಿಸುವಾಗ ಮೈಗೆ ತೊಡುವ ರಕ್ಷಣೆಯ ಗೇರ್ ನಾನು ಆರಿಸಿದ್ದು ಮೂರು ರಸ್ತೆ ನೋಡಿ. ಒಂದು, ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಹಾಯ್ದು ಗದಗ, ಸುಮಾರು 60 ಕಿಲೋಮೀಟರ್. ಮಾರ್ಚ್ ಹಿಡಿದು ಮೇ ತನಕ ಅಲ್ಲಿ ಬರೀ ಬಯಲು, ಒಣ ಗಾಳಿ. ಇನ್ನೊಂದು, ಕಲಘಟಗಿ ದಾಟಿ ಯಲ್ಲಾಪುರದ ಕಡೆ. ಜೂನ್ ಬಂತೆಂದರೆ ಮಳೆ ಬಿಡುವುದಿಲ್ಲ. ಮೂರನೆಯದು ಹಾವೇರಿ, ರಾಣೇಬೆನ್ನೂರಿಗೆ ಹೋಗುವ ಹೆದ್ದಾರಿ 48. ಬಿಸಿಲಿಗೆ ತೊಡಲಾಗದ ಜಾಕೆಟ್ ಎಷ್ಟೇ ಗಟ್ಟಿಯಿದ್ದರೂ ಮನೆಯ ಗೂಟಕ್ಕೆ ಜೋತು ಬೀಳುತ್ತದೆ. ಹಾಗಾಗಿ ಗಾಳಿ ಆಡುವ ಮೆಶ್ ಜಾಕೆಟ್, ಮಳೆಗೆ ಅದರ ಮೇಲೆ ಬೇರೆ ರೇನ್‌ಕೋಟ್ ಎಂದು ಮೊದಲೇ ಗಟ್ಟಿ ಮಾಡಿಕೊಂಡೆ. ಉಳಿದದ್ದೆಲ್ಲ ಅಳತೆಯ ಕೆಲಸ.

ದುಡ್ಡು ಹಾಕಿದ ಕ್ರಮ: ಹೆಲ್ಮೆಟ್, ಗ್ಲೌಸ್, ಬೂಟು, ಜಾಕೆಟ್, ಕೊನೆಗೆ ಪ್ಯಾಂಟ್. ಬಿದ್ದಾಗ ಮೊದಲು ನೆಲಕ್ಕೆ ಊರುವುದು ಅಂಗೈ, ಗಾಡಿಯ ಅಡಿ ಸಿಕ್ಕುವುದು ಪಾದ. ಎಲ್ಲವನ್ನೂ ಒಂದೇ ಸಲ ಕೊಳ್ಳಲಾಗದವರು ಹತ್ತು ಸಾವಿರದ ಜಾಕೆಟ್ ತಂದು ಚಪ್ಪಲಿ ಕಾಲಲ್ಲೇ ಗಾಡಿಯ ಗೇರ್ ಬದಲಿಸುವುದಕ್ಕಿಂತ ಈ ಕ್ರಮ ಚಲೋ.

ಹೆಲ್ಮೆಟ್‌ಗೆ ಮೊದಲು ತಲೆಯ ಸುತ್ತಳತೆ. ದರ್ಜಿಯ ಟೇಪನ್ನು ಹುಬ್ಬಿನಿಂದ ಎರಡು ಬೆರಳು ಮೇಲೆ, ಹಿಂದೆ ಬುರುಡೆ ಹೆಚ್ಚು ಉಬ್ಬಿರುವಲ್ಲಿ ಹಾಯಿಸಿ ಮೂರು ಸಲ ಅಳೆಯಬೇಕು, ದೊಡ್ಡ ಅಂಕಿಯನ್ನೇ ಹಿಡಿಯಬೇಕು. 58 ಸೆಂಟಿಮೀಟರ್ ಬಂದರೆ ಲೇಬಲ್ ಮೇಲೆ 580 ಎಂದಿರುತ್ತದೆ. ಮೀಡಿಯಂ, ಲಾರ್ಜ್ ಎಂಬ ಅಕ್ಷರ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಅಳತೆ ಸರಿಯಿದ್ದರೂ ತಲೆಯ ಆಕಾರ ಹೊಂದದೆ ಹೋಗಬಹುದು. ಗುಂಡು ತಲೆಗೆ ಉದ್ದನೆಯ ಹೆಲ್ಮೆಟ್ ಹಾಕಿದರೆ ಕಿವಿಯ ಮೇಲ್ಭಾಗ ಒತ್ತುತ್ತದೆ, ಉದ್ದ ತಲೆಗೆ ಗುಂಡಗಿನದು ಹಾಕಿದರೆ ಹಣೆ ನಡುವೆ ಒತ್ತುತ್ತದೆ. ಅಂಗಡಿಯಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ಹಾಕಿಕೊಂಡು ನಿಂತು, ತೆಗೆದ ಮೇಲೆ ಕನ್ನಡಿಯಲ್ಲಿ ಹಣೆ ನೋಡಿಕೊಳ್ಳಿ. ಒಂದೇ ಕಡೆ ಕೆಂಪು ಮಚ್ಚೆ ಎದ್ದಿದ್ದರೆ ಅದು ನಿಮ್ಮ ತಲೆಗಲ್ಲ.

"ಎರಡ ದಿನ ಹಾಕ್ಕೊಂಡ್ರ ಸಡಲ ಆಗತೈತ್ರಿ ಸರ್" ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಅದು ಕೆನ್ನೆಯ ಪ್ಯಾಡಿಗೆ ನಿಜ, ಹಣೆಗೆ ಸುಳ್ಳು. ಕೆನ್ನೆಯ ಸ್ಪಂಜು ಕೆಲ ತಿಂಗಳಲ್ಲಿ ಕೂರುತ್ತದೆ. ಆದ್ದರಿಂದ ಹೊಸದರಲ್ಲಿ ಬಾಯಿ ಅಗಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ತಾಗುವಷ್ಟು ಬಿಗಿ ಇರಲಿ. ಹಣೆಯ ಪ್ಯಾಡಿನ ಹಿಂದಿರುವುದು ಗಟ್ಟಿ ಥರ್ಮೋಕೋಲ್, ಅದು ನಿಮ್ಮ ತಲೆಗೆ ತಕ್ಕ ಹಾಗೆ ಬದಲಾಗುವುದಿಲ್ಲ. ಪಟ್ಟಿ ಬಿಗಿದು ಎರಡು ಪರೀಕ್ಷೆ ಮಾಡಿ. ಹೆಲ್ಮೆಟ್ ಹಿಡಿದು ಎಡಬಲಕ್ಕೆ ತಿರುಗಿಸಿದರೆ ಮುಖದ ಚರ್ಮ ಅದರ ಜೊತೆಯೇ ಎಳೆಯಬೇಕು, ಹೆಲ್ಮೆಟ್ ಒಂದೇ ಜಾರಬಾರದು. ಆಮೇಲೆ ಹಿಂದಿನ ಕೆಳ ಅಂಚಿಗೆ ಬೆರಳು ಹಾಕಿ ಮುಂದಕ್ಕೆ ಮಗುಚಿ. ಪಟ್ಟಿ ಕಟ್ಟಿಯೂ ತಲೆಯಿಂದ ಕಳಚಿ ಬರುವಂತಿದ್ದರೆ ಅಲ್ಲೇ ಬಿಡಿ. ನಮ್ಮಲ್ಲಿ ಬಿಸಿಲಿಗೆ ಟವೆಲ್ ಸುತ್ತಿ ಅದರ ಮೇಲೆ ಹೆಲ್ಮೆಟ್ ಏರಿಸುವ ರೂಢಿ. ಟವೆಲಿನ ದಪ್ಪಕ್ಕೆ ಹೆಲ್ಮೆಟ್ ಮೇಲೆ ಕೂರುತ್ತದೆ, ಬಿದ್ದಾಗ ಬಟ್ಟೆಯ ಮೇಲೆ ಜಾರುತ್ತದೆ. ತಲೆ, ಮುಖ ಮುಚ್ಚುವ ತೆಳು ಬಟ್ಟೆಯ ಟೋಪಿ, ಬಾಲಾಕ್ಲಾವಾ, ಸಾಕು. ಕೊಬ್ಬರಿ ಎಣ್ಣೆ ಹಚ್ಚುವವರಿಗೆ ಒಳಪ್ಯಾಡ್ ಕೊಳೆಯದಂತೆಯೂ ಅದೇ ಕಾಯುತ್ತದೆ.

2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವಂತಿಲ್ಲ. ಗುರುತಿನ ಮೇಲೆ ಐಎಸ್ 4151, ಕೆಳಗೆ ಸಿಎಂ/ಎಲ್ ಎಂದು ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯ ಲೈಸೆನ್ಸ್, ಚಾಲ್ತಿಯಲ್ಲಿದೆಯೋ ಇಲ್ಲವೋ ಕಾಣುತ್ತದೆ. ಸ್ಟಿಕರ್ ಯಾರು ಬೇಕಾದರೂ ಅಂಟಿಸಬಹುದು, ಆದ್ದರಿಂದ ಹೆಬ್ಬೆರಳು ಒಳಗೆ ಹಾಕಿ ಥರ್ಮೋಕೋಲ್ ಇದೆಯೇ ಎಂದೂ ನೋಡಿ. ಹೆದ್ದಾರಿ ಬದಿ ಹಗ್ಗಕ್ಕೆ ಪೋಣಿಸಿ ಮಾರುವ ಎಷ್ಟೋ ಹೆಲ್ಮೆಟ್‌ಗಳಲ್ಲಿ ಬರೀ ಪ್ಲಾಸ್ಟಿಕ್ಕಿಗೆ ಸ್ಪಂಜು ಅಂಟಿಸಿರುತ್ತಾರೆ. ನಾನು ಐಎಸ್‌ಐ ಜೊತೆಗೆ ಯುರೋಪಿನ ಇಸಿಇ 22.06 ಗುರುತೂ ಇರುವ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ತಗೊಂಡೆ. ಅಂಥವು ಸುಮಾರು ನಾಲ್ಕೈದು ಸಾವಿರಕ್ಕೆ ಸಿಗುತ್ತವೆ. ಒಮ್ಮೆ ಜೋರು ಪೆಟ್ಟು ತಿಂದರೆ ಒಳಗಿನ ಥರ್ಮೋಕೋಲ್ ಜಜ್ಜಿ ಕೂತಿರುತ್ತದೆ, ಅದು ಮತ್ತೆ ಉಬ್ಬುವುದಿಲ್ಲ. ಹೊರಗೆ ಗೀರು ಮಾತ್ರ ಕಂಡರೂ ಆ ಹೆಲ್ಮೆಟಿನ ಕೆಲಸ ಮುಗಿಯಿತು. ಪೆಟ್ರೋಲ್, ಥಿನ್ನರ್ ಹಾಕಿ ಒರೆಸಬೇಡಿ, ಪ್ಲಾಸ್ಟಿಕ್ ಕವಚ ಒಳಗೊಳಗೇ ಬಿರುಕು ಬಿಡುತ್ತದೆ. ಮುಖದ ಮುಂದಿನ ಗಾಜಿನಂಥ ವೈಸರ್ ಮೇಲಿನ ಎರೆಮಣ್ಣಿನ ಧೂಳನ್ನು ಒಣ ಬಟ್ಟೆಯಲ್ಲಿ ತಿಕ್ಕಿದರೆ ಮರಳು ಕಾಗದ ಉಜ್ಜಿದ ಹಾಗೆಯೇ. ಒದ್ದೆ ಬಟ್ಟೆ ಐದು ನಿಮಿಷ ಹೊದಿಸಿಟ್ಟು ಆಮೇಲೆ ಮೆಲ್ಲಗೆ ಎಳೆಯಿರಿ. ಕಪ್ಪು ವೈಸರ್ ಸಂಜೆ ಆರರ ಮೇಲೆ ಬೇಡವೇ ಬೇಡ.

ಇನ್ನು ಜಾಕೆಟ್. ಲೇಬಲ್ ಮೇಲೆ ಇಎನ್ 17092 ಎಂಬ ಯುರೋಪಿನ ಮಾನದಂಡವನ್ನು ಹುಡುಕಿ. ಅದರಲ್ಲಿ ಎಎಎ, ಎಎ, ಎ ಎಂದು ದರ್ಜೆಗಳಿವೆ. ಭುಜ, ಮೊಣಕೈಯಂಥ ಹೆಚ್ಚು ಉಜ್ಜುವ ಭಾಗದ ಬಟ್ಟೆಯನ್ನು ಯಂತ್ರದಲ್ಲಿ ಎಎಎಗೆ ಗಂಟೆಗೆ 120 ಕಿಲೋಮೀಟರ್, ಎಎಗೆ 70, ಎಗೆ 45ರ ವೇಗಕ್ಕೆ ಸಮನಾಗಿ ಉಜ್ಜಿ ನೋಡುತ್ತಾರೆ. 70ರಲ್ಲಿ ಬಿದ್ದರೆ ಏನೂ ಆಗುವುದಿಲ್ಲ ಎಂಬ ಭರವಸೆ ಅದಲ್ಲ, ಜಾಕೆಟ್‌ಗಳನ್ನು ಹೋಲಿಸಲು ಒಂದು ಅಳತೆಗೋಲು. ಬಿ ದರ್ಜೆಯಲ್ಲಿ ಪೆಟ್ಟು ತಡೆಯುವ ಪ್ಯಾಡ್, ಅಂದರೆ ಆರ್ಮರ್, ಇರುವುದಿಲ್ಲ. ಸಿ ಅಂದರೆ ಆರ್ಮರ್ ಹಿಡಿದಿಡುವ ಜಾಳಿಗೆ ಅಷ್ಟೇ, ಉಜ್ಜಾಟ ತಡೆಯುವುದಿಲ್ಲ. ನಮ್ಮ ಕಡೆ ಗಾಡಿ ಜಾರುವ ಜಾಗ ನೆನೆಸಿಕೊಳ್ಳಿ: ಡಾಂಬರಿನ ಮೇಲೆ ಹರವಿದ ಹೆಸರುಕಾಳಿನ ರಾಶಿಯ ಹೊಟ್ಟು, ಟ್ರ್ಯಾಕ್ಟರ್ ಗಾಲಿ ಹೊಲದಿಂದ ಎಳೆದು ತಂದ ಎರೆ ರಾಡಿ, ತಿರುವಿನ ಅಂಚಿನ ಕಡಿ. ಅಲ್ಲಿ ವೇಗ 40ರಿಂದ 60. ಅದಕ್ಕೆ ಎಎ ದರ್ಜೆಯ ಮೆಶ್ ಸಾಕೆಂದು ನನ್ನ ಲೆಕ್ಕ. ಹೆದ್ದಾರಿಯಲ್ಲೇ ದಿನಾ 100ರ ಮೇಲೆ ಓಡುವವರ ಲೆಕ್ಕ ಬೇರೆ.

ಲೇಬಲ್ ಇಲ್ಲದ ಜಾಕೆಟ್ ಆದರೆ ಒಳಗಿನದನ್ನು ಹೊರಗೆ ಮಾಡಿ ಹೊಲಿಗೆ ನೋಡಿ. ಭುಜ, ತೋಳಿನ ಹೊಲಿಗೆ ಎರಡು ಸಾಲಾದರೂ ಇರಬೇಕು. ಹೊಲಿಗೆಯ ಎರಡೂ ಬದಿ ಹೆಬ್ಬೆರಳಿನಿಂದ ಎಳೆದು ಟ್ಯೂಬ್‌ಲೈಟಿಗೆ ಹಿಡಿದರೆ ಸೂಜಿ ತೂತಿನಲ್ಲಿ ಬೆಳಕು ಕಾಣುತ್ತಿದ್ದರೆ ಜಾರಿದ ಕ್ಷಣವೇ ಬಿಚ್ಚುತ್ತದೆ. ಬಟ್ಟೆ ಹರಿಯುವ ಮೊದಲು ಹೊಲಿಗೆ ಬಿಡುವುದೇ ಹೆಚ್ಚು. ಜಾಳಿಗೆ ಎದೆ, ಬೆನ್ನು, ತೋಳಿನ ಒಳಬದಿಗೆ ಮಾತ್ರ ಇರಲಿ. ಭುಜ, ಮೊಣಕೈ ಮೇಲೆ ದಪ್ಪ ನೇಯ್ಗೆ ಬೇಕು, 600 ಡೆನಿಯರ್ (ನೂಲಿನ ದಪ್ಪದ ಅಳತೆ) ಅಥವಾ ಅದಕ್ಕಿಂತ ಹೆಚ್ಚು. ತೆಳು ಪಾಲಿಯೆಸ್ಟರ್ ಉಜ್ಜಿದ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ, ಆದ್ದರಿಂದ ಒಳಗೂ ತೋಳುದ್ದದ ಒಂದು ಪದರ ಇದ್ದರೆ ಒಳ್ಳೆಯದು.

ಆರ್ಮರ್ ವಿಷಯದಲ್ಲಿ ಅಂಕಿಗಳು ಕೆಲಸಕ್ಕೆ ಬರುತ್ತವೆ. ಭುಜ, ಮೊಣಕೈ, ಸೊಂಟ, ಮೊಣಕಾಲಿನದು ಇಎನ್ 1621-1. ಪೆಟ್ಟು ಕೊಟ್ಟಾಗ ಆರ್ಮರ್ ದಾಟಿ ಒಳಗೆ ಇಳಿಯುವ ಬಲ ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 20ರ ಒಳಗಿದ್ದರೆ ಲೆವೆಲ್ 2. ಬೆನ್ನಿನದು ಇಎನ್ 1621-2, ಅಲ್ಲಿ ಲೆವೆಲ್ 1ಕ್ಕೆ 18, ಲೆವೆಲ್ 2ಕ್ಕೆ 9. ಹೆಚ್ಚು ಮೋಸ ಹೋಗುವುದು ಬೆನ್ನಿನಲ್ಲೇ. ಎಷ್ಟೋ ಜಾಕೆಟ್‌ಗಳ ಬೆನ್ನಿನ ಜೇಬಿನಲ್ಲಿ ಬರೀ ಫೋಮ್ ಹಾಳೆ ಇರುತ್ತದೆ. ಹೊರಗೆ ಎಳೆದು ನೋಡಿ, ಅದರ ಮೇಲೆ ನಂಬರ್ ಅಚ್ಚಾಗಿರದಿದ್ದರೆ ಅದು ಆಕಾರಕ್ಕೆ ಇಟ್ಟ ದಿಂಬು. ಲೆವೆಲ್ 2 ಬೆನ್ನು ಆರ್ಮರ್ ಬೇರೆಯಾಗಿ ತಂದು ಹಾಕಬಹುದು, ಜೇಬಿನ ಉದ್ದಗಲ ಅಳೆದುಕೊಂಡು ಹೋಗಿ. ಅಚ್ಚಿನಲ್ಲಿ ಟಿ+ ಎಂದಿದ್ದರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲೂ ಪರೀಕ್ಷೆ ಆಗಿದೆ ಎಂದರ್ಥ. ಮೆತ್ತನೆ ಆರ್ಮರ್ ಬಿಸಿಗೆ ಇನ್ನಷ್ಟು ಮೆತ್ತಗಾಗುತ್ತದೆ. ಬಿಸಿಲೂರಿನವರು ಆ ಗುರುತು ಹುಡುಕಿಯೇ ತಗೋಬೇಕು.

ಇಷ್ಟೆಲ್ಲ ಇದ್ದೂ ಅಳತೆ ದೊಡ್ಡದಾದರೆ ಎಲ್ಲ ವ್ಯರ್ಥ. ಜಾಕೆಟ್ ಹಾಕಿ ಗಾಡಿಯ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ನಿಂತು ನೋಡಿದ ಅಳತೆ ಅಳತೆಯಲ್ಲ. ಮಡಚಿದ ಮೊಣಕೈಯ ಮೂಳೆಯ ತುದಿ ಆರ್ಮರಿನ ಬಟ್ಟಲ ನಡುವೆ ಇರಬೇಕು. ಇನ್ನೊಂದು ಕೈಯಿಂದ ಆರ್ಮರ್ ಹಿಡಿದು ತಿರುಚಿ. ಮೂಳೆಯಿಂದ ಒಂದು ಬೆರಳಿಗಿಂತ ಹೆಚ್ಚು ಸರಿದರೆ ಒಂದು ಸೈಜ್ ಇಳಿಸಿ, ಇಲ್ಲವೇ ರಟ್ಟೆಯ ಗುಂಡಿಪಟ್ಟಿ ಬಿಗಿ ಮಾಡಿ. ತೋಳು ಮಣಿಕಟ್ಟಿನ ಮೂಳೆ ದಾಟಬೇಕು. ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ ಮೆಶ್‌ನಲ್ಲಿ ಚಿಕ್ಕದನ್ನೇ ತಗೊಳ್ಳಿ. ಹಿಂದೆ ಸೊಂಟದ ಬಳಿ ಪ್ಯಾಂಟಿಗೆ ಜೋಡಿಸುವ ಜಿಪ್ ಇರಲಿ, ಜಾರುವಾಗ ಜಾಕೆಟ್ ಮೇಲೇರಿ ಬೆನ್ನು ಬಯಲಾಗುವುದನ್ನು ತಡೆಯುವುದು ಅದೇ. ನನಗೆ ಸೈಜ್ ಪೂರ್ತಿ ಅಂಗಡಿಯಲ್ಲಿ ಸಿಗಲಿಲ್ಲ. ವಾಪಸ್ ತಗೊಳ್ಳುತ್ತಾರೆಂದು ಖಾತ್ರಿ ಮಾಡಿಕೊಂಡು ಎರಡು ಸೈಜ್ ತರಿಸಿ ಒಂದನ್ನು ಮರಳಿಸಿದೆ.

ಬಿಸಿಲಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ. ಗಾಳಿ ಹೆಚ್ಚಾದಷ್ಟೂ ತಂಪು ಎನ್ನುವುದು ಸುಮಾರು 35 ಡಿಗ್ರಿ ತನಕ ಮಾತ್ರ. ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾದ ಮೇಲೆ ಅದು ಮೈಗೆ ಬಿಸಿ ತುಂಬುತ್ತದೆ, ಬೆವರನ್ನೂ ಕಾಣದಂತೆ ಹೀರುತ್ತದೆ. ಮೈ ಒಣಗಿದೆ ಅಂದುಕೊಳ್ಳುವಾಗಲೇ ನೀರು ಕಡಿಮೆಯಾಗಿರುತ್ತದೆ. ಗದಗ, ನವಲಗುಂದದ ಒಣ ಬಿಸಿಲಿಗೆ ನಾನು ಒಳಗಿನ ಟಿ-ಶರ್ಟ್ ಪೂರ್ತಿ ನೆನೆಸಿ ಹಿಂಡಿ ಹಾಕುತ್ತೇನೆ, ಅದರ ಮೇಲೆ ಜಾಕೆಟ್. ಒಣಗಿದ ಮೇಲೆ ನಿಂತು ಮತ್ತೆ ನೆನೆಸಬೇಕು. ಗಂಟೆಗೆ ಸುಮಾರು ಅರ್ಧ ಲೀಟರ್ ನೀರು, ಗುಟುಕು ಗುಟುಕಾಗಿ. ಇದೇ ಉಪಾಯ ಮಳೆಗಾಲದ ಜಿಗುಟು ಹವೆಯಲ್ಲಿ ನಡೆಯುವುದಿಲ್ಲ, ಬಟ್ಟೆ ಒಣಗದೆ ಬರೀ ಒದ್ದೆಯಾಗಿ ಕೂರುತ್ತದೆ.

ಜಾಕೆಟ್ ಒಳಗೆ ಸಿಗಿಸುವ ಮಳೆ ಲೈನರ್ ಕೆಲಸಕ್ಕೆ ಬಾರದು. ಹೊರಗಿನ ಮೆಶ್ ನೀರು ಕುಡಿದು ಭಾರವಾಗುತ್ತದೆ, ಚಳಿ ಹಿಡಿಸುತ್ತದೆ, ಜೊತೆಗೆ ಮಳೆ ಶುರುವಾದಾಗ ರಸ್ತೆ ಬದಿ ಜಾಕೆಟ್ ಕಳಚಿ ನಿಲ್ಲಬೇಕು. ಮೇಲೆ ಹಾಕುವ ಎರಡು ತುಂಡಿನ ರೇನ್‌ಕೋಟ್, ಜಾಕೆಟ್ ತೊಟ್ಟುಕೊಂಡೇ ಅಳತೆ ನೋಡಿ ತಗೊಳ್ಳಿ. ಸೋರುವುದು ಯಾವಾಗಲೂ ತೊಡೆ ಸಂದಿಯ ಹೊಲಿಗೆಯಲ್ಲೇ, ಸೀಟಿನ ಮೇಲೆ ನೀರು ಮಡುಗಟ್ಟುವುದು ಅಲ್ಲಿ. ಒಳಗಡೆ ಹೊಲಿಗೆಯ ಮೇಲೆ ಟೇಪ್ ಅಂಟಿಸಿದ್ದಾರೆಯೇ ನೋಡಿ. ಗ್ಲೌಸಿನ ಬಾಯಿ ತೋಳಿನ ಒಳಗೆ, ಪ್ಯಾಂಟಿನ ಬಾಯಿ ಬೂಟಿನ ಹೊರಗೆ ಇರಲಿ, ನೀರು ಮೇಲಿಂದ ಕೆಳಗೆ ಹರಿಯುತ್ತದಲ್ಲ.

ಗ್ಲೌಸಿಗೆ ಇಎನ್ 13594. ಅಂಗೈಯ ಬುಡದಲ್ಲಿ ಗಟ್ಟಿ ಪ್ಲಾಸ್ಟಿಕ್ ಸ್ಲೈಡರ್ ಇರಬೇಕು. ಅದಿಲ್ಲದಿದ್ದರೆ ಅಂಗೈ ಡಾಂಬರಿಗೆ ಕಚ್ಚಿ ನಿಲ್ಲುತ್ತದೆ, ಮೈ ಮುಂದೆ ಹೋಗುತ್ತದೆ, ಮಣಿಕಟ್ಟು ಮುರಿಯುವುದು ಹೀಗೆ. ಪಟ್ಟಿ ಬಿಗಿದು ಬೆರಳ ತುದಿ ಹಿಡಿದು ಜೋರಾಗಿ ಎಳೆಯಿರಿ. ಕಳಚಿದರೆ ಬೇಡ. ಕ್ಲಚ್ ಹಿಡಿದು ನೋಡಿ: ಹೆಬ್ಬೆರಳ ಸಂದಿ ಎಳೆಯಬಾರದು, ತುದಿಯಲ್ಲಿ ಖಾಲಿ ಬಟ್ಟೆ ಮಡಚಬಾರದು. ಅರ್ಧ ಬೆರಳಿನವು ಬರೀ ಶೋಕಿ.

ಬೂಟು ಕಣಕಾಲಿನ ಗಂಟು ಮುಚ್ಚಬೇಕು. ಮುಂದು ಹಿಂದು ಹಿಡಿದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ. ಸಲೀಸಾಗಿ ತಿರುಚಿದರೆ ಗಾಡಿಯ ಅಡಿಯೂ ಹಾಗೇ ತಿರುಚುತ್ತದೆ. ಕಾರ್ಖಾನೆಯ ಸೇಫ್ಟಿ ಶೂ ಕಡಿಮೆ ದುಡ್ಡಿನ ದಾರಿ, ಬೆರಳಿಗೆ ರಕ್ಷಣೆ ಇದೆ. ಆದರೆ ಮೂತಿ ದಪ್ಪಗಿದ್ದು ಗೇರ್ ಲಿವರಿನ ಅಡಿ ಹೋಗುವುದಿಲ್ಲ. ಲಿವರ್ ಸ್ವಲ್ಪ ಎತ್ತರಿಸಿಕೊಳ್ಳಬೇಕು. ಅಟ್ಟೆಯಲ್ಲಿ ಆಳವಾದ ಗೆರೆಗಳಿರಲಿ. ಎರೆ ರಾಡಿ ಮೆತ್ತಿದ ನುಣುಪು ಅಟ್ಟೆಯಲ್ಲಿ ಕಾಲು ಊರಿದರೆ, ನಿಂತ ಗಾಡಿಯನ್ನೇ ಕೆಡವುತ್ತೀರಿ. ಲೇಸಿದ್ದರೆ ತುದಿ ಒಳಗೆ ತುರುಕಿ.

ಪ್ಯಾಂಟಿಗೆ ಜಾಕೆಟ್ಟಿನದೇ ದರ್ಜೆ, ಅದೇ ಕೂತು ನೋಡುವ ಅಳತೆ. ಸಾದಾ ಜೀನ್ಸ್ ಡಾಂಬರಿಗೆ ಕ್ಷಣ ಹೊತ್ತೂ ತಡೆಯುವುದಿಲ್ಲ. ಊರೊಳಗಿನ ಓಡಾಟಕ್ಕೆ ಪ್ಯಾಂಟಿನ ಮೇಲೆ ಕಟ್ಟುವ ನೀ-ಗಾರ್ಡ್ ಆದೀತು, ಕೆಳಗಿನ ಪಟ್ಟಿ ಮೀನಖಂಡದ ಉಬ್ಬಿನ ಮೇಲ್ಗಡೆ ಬಿಗಿದರೆ ಜಾರುವುದಿಲ್ಲ.

ಬಣ್ಣಕ್ಕೆ ಕಪ್ಪು ಬೇಡ ಅಂದರೂ ಎಲ್ಲರೂ ಕಪ್ಪೇ ತಗೊಳ್ಳುತ್ತಾರೆ, ಧೂಳು ಕಾಣುವುದಿಲ್ಲವಂತೆ. ಹಳಿಯಾಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ನಡುವೆ ಮುಸ್ಸಂಜೆ ಓಡುವವರು ಕನಿಷ್ಠ ಮೇಲೊಂದು ಫ್ಲೋರೊಸೆಂಟ್ ವೆಸ್ಟ್ ಹಾಕಲಿ. ಆ ಹಸಿರು-ಹಳದಿ ಕೆಲಸ ಮಾಡುವುದು ಹಗಲು, ಮುಸ್ಸಂಜೆಯಲ್ಲಿ. ರಾತ್ರಿ ಹೆಡ್‌ಲೈಟಿಗೆ ಹೊಳೆಯುವುದು ಬೂದು ಪಟ್ಟಿ. ಎರಡೂ ಬೇಕು.

ತೊಳೆಯುವಾಗ ಆರ್ಮರ್ ಎಲ್ಲ ತೆಗೆದು, ಬಕೆಟ್ಟಿನಲ್ಲಿ ತೆಳು ಸೋಪುನೀರಿಗೆ ಜಾಕೆಟ್ ಅರ್ಧ ಗಂಟೆ ನೆನೆಸಿ ಕೈಯಲ್ಲೇ ಅದ್ದಿ ತೆಗೆದು ನೆರಳಿಗೆ ಒಣಗಿಸುತ್ತೇನೆ. ಆರ್ಮರ್ ಮರಳಿ ಹಾಕುವಾಗ ಎಡಬಲ, ಮೇಲುಕೆಳಗು ಅದಲುಬದಲಾಗುವುದು ಸಾಮಾನ್ಯ. ಅದಕ್ಕೆ ತೆಗೆಯುವ ಮೊದಲೇ ಪ್ರತಿ ತುಂಡಿಗೂ ಮಾರ್ಕರಿನಿಂದ ಎಡ, ಬಲ, ಮೇಲೆ ಎಂದು ಬರೆದಿಡಿ. ಮೊಣಕೈಯದಕ್ಕೆ ಬಟ್ಟಲಿನಂಥ ಅಗಲ ಭಾಗ ಮೊಣಕೈ ಮೇಲೆ, ಬಾಲದಂಥ ಸಣ್ಣ ತುದಿ ಮಣಿಕಟ್ಟಿನ ಕಡೆ.