ಒಲೆ ಬದಿಯ ಬೆಕ್ಕು ಚಳಿಗೆ ಮುದುಡಿದೆಯೋ, ನೋವಿಗೋ?

ಶಿರಸಿಯ ಮಳೆಗಾಲದಲ್ಲಿ ಬೆಕ್ಕು ಬಚ್ಚಲ ಒಲೆ ಬಿಟ್ಟು ಏಳುವುದೇ ಇಲ್ಲ. ನಮ್ಮ ಮನೆಯ ಬೆಕ್ಕು ಮೂರು ದಿನ ಹಾಗೆ ಕೂತಾಗ, ಮಳೆಗೆ ಹೀಗೆ ಅಂದುಕೊಂಡೆವು. ಡಾಕ್ಟರು ಬಾಯಿ ತೆರೆಸಿ ನೋಡಿದರೆ ಹಲ್ಲಿನ ಬುಡ ಕೀವುಗಟ್ಟಿತ್ತು. ಮೂರೂ ದಿನ ಅದು ಒಮ್ಮೆಯೂ ಕೂಗಿರಲಿಲ್ಲ. ಬೆಕ್ಕು ನೋವನ್ನು ಬಚ್ಚಿಡುತ್ತದೆ. ನಾವೇ ಹುಡುಕಬೇಕು.

ಮೊದಲು ಅದರ ರೂಢಿ ನೋಡಿ. ದಿನಾ ಮೆತ್ತಿಗೆ ಹಾರುತ್ತಿದ್ದ ಬೆಕ್ಕು ಏಣಿಯ ಬುಡದಲ್ಲೇ ನಿಂತುಬಿಟ್ಟರೆ, ವಯಸ್ಸಾಯಿತು ಅಂತ ಬಿಡಬೇಡಿ. ಕೀಲುನೋವು ಇರಬಹುದು. ಬಗ್ಗಿ ನೆಕ್ಕಿಕೊಳ್ಳಲಾಗದೆ ಬೆನ್ನಿನ ಕೂದಲು ಗಂಟು ಕಟ್ಟುತ್ತದೆ. ಒಂದೇ ಜಾಗ ಜಾಸ್ತಿ ನೆಕ್ಕುತ್ತಿದ್ದರೂ ಅನುಮಾನ ಪಡಿ.

ಆಮೇಲೆ ಊಟ. ಕಾರವಾರ, ಅಂಕೋಲಾ ಕಡೆ ಬಂಗುಡೆ ತಲೆ ಕಂಡರೆ ಓಡಿಬರುವ ಬೆಕ್ಕು ಮೂಸಿ ಹಿಂದೆ ಸರಿದರೆ, ಜೊಲ್ಲು ಸುರಿಸಿದರೆ, ಹಲ್ಲು, ಒಸಡು ತೋರಿಸಿ. ಮುಳ್ಳು ಚುಚ್ಚಿರಲೂಬಹುದು. ಒಂದಿಡೀ ದಿನ ಏನೂ ತಿನ್ನದಿದ್ದರೆ ಕಾಯಬೇಡಿ. ದಿನಗಟ್ಟಲೆ ಉಪವಾಸ ಬಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳಬಹುದು.

ಈಗ ಮುಖ. ಎಚ್ಚರವಾಗಿ ಸುಮ್ನೆ ಇರುವಾಗ, ತುಸು ದೂರದಿಂದ ನೋಡಿ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಇದಕ್ಕೊಂದು ಅಳತೆ ಪ್ರಕಟಿಸಿದರು. ಕಿವಿ ಹೊರಕ್ಕೆ ತಿರುಗಿ ಚಪ್ಪಟೆಯಾಗಿದೆಯೇ? ಕಣ್ಣು ಕಿರಿದಾಗಿದೆಯೇ? ದುಂಡಗಿನ ಮೂತಿ ಬಿಗಿದಿದೆಯೇ? ಬಾಗಿರಬೇಕಾದ ಮೀಸೆ ನೆಟ್ಟಗಾಗಿದೆಯೇ? ತಲೆ ಭುಜಕ್ಕಿಂತ ಕೆಳಗಿಳಿದಿದೆಯೇ? ಒಂದೊಂದಕ್ಕೂ ಅಂಕ ಕೊಡಿ: ಇಲ್ಲದಿದ್ದರೆ 0, ತುಸು ಇದ್ದರೆ 1, ಎದ್ದು ಕಂಡರೆ 2. ಒಟ್ಟು 10ರಲ್ಲಿ 4 ಅಥವಾ ಹೆಚ್ಚು ಬಂದರೆ ಡಾಕ್ಟರಿಗೆ ತೋರಿಸಿ. ಗುರುಗುರು ಅನ್ನುತ್ತಿದೆ, ಆರಾಮಿದೆ ಅಂದುಕೊಳ್ಳಬೇಡಿ. ನೋವಿನಲ್ಲೂ ಬೆಕ್ಕು ಗುರುಗುಟ್ಟುತ್ತದೆ.

ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು, ತಿಣುಕಿ, ಹನಿಯೂ ಬರದೆ ಒದ್ದಾಡಿದರೆ ಬೆಳಗಾಗಲಿ ಅನ್ನಬೇಡಿ. ಮೂತ್ರದ ದಾರಿ ಕಟ್ಟಿದ್ದರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಬಾಯಿ ತೆರೆದು ಉಸಿರಾಡುತ್ತಿದ್ದರೂ ಕೂಡಲೇ ಹೊರಡಿ.

ಪ್ಯಾರಾಸಿಟಮಾಲ್ ಮಾತ್ರ ಖಂಡಿತ ಕೊಡಬೇಡಿ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಒಂದೇ ಮಾತ್ರೆಗೂ ಸಾಯಬಹುದು. ಮನೆಯಲ್ಲಿರುವ ಬೇರೆ ನೋವಿನ ಮಾತ್ರೆಯೂ ಬೇಡ.

ಹೊರಡುವ ಮುಂಚೆ ಅದು ನಡೆಯುವುದನ್ನು, ಮೆಟ್ಟಿಲು ಹತ್ತುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಅದು ಹೆದರಿ ಕಲ್ಲಿನಂತೆ ಕೂರುತ್ತದೆ. ಕುಂಟುವುದು ಡಾಕ್ಟರಿಗೆ ಕಾಣುವುದು ಆ ವಿಡಿಯೊದಲ್ಲೇ.