ಜಾನ್ ಮ್ಯೂರ್ ಹಾದಿಗೆ ಬುತ್ತಿ ಕಟ್ಟುವುದು ಹೇಗೆ?

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಶ್ರೇಣಿಯಲ್ಲಿರುವ ಜಾನ್ ಮ್ಯೂರ್ ಹಾದಿಯು ಯೊಸೆಮಿಟಿ ಕಣಿವೆಯ ಹ್ಯಾಪಿ ಐಲ್ಸ್ ಎಂಬಲ್ಲಿ ಆರಂಭವಾಗಿ, 4,421 ಮೀಟರ್ ಎತ್ತರದ ವಿಟ್ನಿ ಶಿಖರದಲ್ಲಿ ಮುಗಿಯುತ್ತದೆ. ಉದ್ದ ಸುಮಾರು 340 ಕಿ.ಮೀ.; ಹೊಸಬರಿಗೆ ಮೂರು ವಾರ ಬೇಕು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ನೆಲೆಸಿ ವಾರಾಂತ್ಯದ ಚಾರಣವನ್ನು ರೂಢಿಸಿಕೊಂಡಿರುವ ಕನ್ನಡಿಗರಲ್ಲಿ ಅನೇಕರಿಗೆ ಒಮ್ಮೆಯಾದರೂ ಇದನ್ನು ಪೂರ್ತಿ ನಡೆಯಬೇಕೆಂಬ ಆಸೆಯಿದೆ. ಆದರೆ ಅನುಮತಿಪತ್ರ, ಬೂಟು, ಗುಡಾರಗಳ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುವವರು ಊಟದ ಲೆಕ್ಕವನ್ನು ಮಾತ್ರ ಹೊರಡುವ ಹಿಂದಿನ ವಾರಕ್ಕೆ ಬಿಡುತ್ತಾರೆ. ಹಾದಿಯ ನಡುಭಾಗದಲ್ಲಿರುವ ಮ್ಯೂರ್ ಟ್ರೇಲ್ ರ‍್ಯಾಂಚ್‌ನಲ್ಲಿ, ಚಾರಣಿಗರು ಹೊರಲಾರದೆ ಬಿಟ್ಟುಹೋದ ಆಹಾರವನ್ನು ವಿಂಗಡಿಸಿ ಬಕೆಟ್‌ಗಳಲ್ಲಿ ತುಂಬಿಟ್ಟಿರುತ್ತಾರೆ. ಅದರಲ್ಲಿ ಓಟ್ಸ್ ಪೊಟ್ಟಣಗಳೂ ಒಣಹಣ್ಣಿನ ಚೀಲಗಳೂ ಮೇಲಿನವರೆಗೆ ತುಂಬಿರುವುದನ್ನು ಕಂಡರೆ, ಮನೆಯಲ್ಲಿ ಕುಳಿತು ಹಾಕಿದ ಲೆಕ್ಕ ಎಲ್ಲಿ ತಪ್ಪಿತೆಂಬುದು ತಿಳಿಯುತ್ತದೆ.

ಹೆಜ್ಜೆ 1: ಹಾದಿಯನ್ನು ತುಂಡು ಮಾಡಿಕೊಳ್ಳಿ

ಉತ್ತರದಿಂದ ದಕ್ಷಿಣಕ್ಕೆ ನಡೆಯುತ್ತೀರೆಂದು ಇಟ್ಟುಕೊಳ್ಳೋಣ. ಹೊಸಬರಿಗೆ ಇದೇ ಸರಿಯಾದ ದಿಕ್ಕು, ಏಕೆಂದರೆ ಎತ್ತರದ ಕಣಿವೆದಾರಿಗಳು, ಅಂದರೆ ಬೆಟ್ಟಸಾಲನ್ನು ದಾಟಿಸುವ ಪಾಸ್‌ಗಳು, ಕೊನೆಗೆ ಬರುತ್ತವೆ. ಸುಮಾರು 37 ಕಿ.ಮೀ.ಗೆ ಟುವಾಲಮಿ ಮೆಡೋಸ್, 95 ಕಿ.ಮೀ.ಗೆ ರೆಡ್ಸ್ ಮೆಡೋ, 140 ಕಿ.ಮೀ.ಯ ಸುಮಾರಿಗೆ ಎಡಿಸನ್ ಸರೋವರದ ಆಚೆ ದಡದ ವರ್ಮಿಲಿಯನ್ ವ್ಯಾಲಿ ರೆಸಾರ್ಟ್, 175 ಕಿ.ಮೀ.ಗೆ ಮ್ಯೂರ್ ಟ್ರೇಲ್ ರ‍್ಯಾಂಚ್ ಸಿಗುತ್ತವೆ. ಅಲ್ಲಿಂದ ಮುಂದೆ, ಶಿಖರ ಹತ್ತಿ ವಿಟ್ನಿ ಪೋರ್ಟಲ್‌ಗೆ ಇಳಿಯುವವರೆಗಿನ ಸುಮಾರು 180 ಕಿ.ಮೀ. ಹಾದಿಯ ಮೇಲೆ ಒಂದು ಅಂಗಡಿಯೂ ಇಲ್ಲ.

ಪೂರ್ತಿ ಹಾದಿಯ ಊಟವನ್ನು ಒಮ್ಮೆಗೇ ಹೊರಲಾಗದ್ದರಿಂದ, ಇಂಥ ನಿಲ್ದಾಣಗಳಿಗೆ ಮೊದಲೇ ಅಂಚೆಯಲ್ಲಿ ಆಹಾರ ಕಳುಹಿಸಿ, ತಲುಪಿದಾಗ ತೆಗೆದುಕೊಳ್ಳುವುದು ವಾಡಿಕೆ. ಟುವಾಲಮಿಗೆ ಎರಡನೆಯ ಅಥವಾ ಮೂರನೆಯ ದಿನವೇ ತಲುಪುವುದರಿಂದ ಅಲ್ಲಿಗೆ ಪೊಟ್ಟಣ ಕಳುಹಿಸುವ ಶ್ರಮ ವ್ಯರ್ಥ. ಮೇಲಾಗಿ ಅಲ್ಲಿನ ಅಂಗಡಿ ಮತ್ತು ಅಂಚೆ ಕಚೇರಿ ಕೆಲವು ವರ್ಷ ತೆರೆಯುವುದೇ ಇಲ್ಲ. ವರ್ಮಿಲಿಯನ್ ವ್ಯಾಲಿಗೂ ರ‍್ಯಾಂಚ್‌ಗೂ ನಡುವಿನ ಅಂತರ ಎರಡು ದಿನದ ನಡಿಗೆಯಷ್ಟೇ ಆದ್ದರಿಂದ ಎರಡರಲ್ಲಿ ಒಂದು ಸಾಕು. ವರ್ಮಿಲಿಯನ್ ವ್ಯಾಲಿಯ ಆತಿಥ್ಯ ಚೆನ್ನಾಗಿದೆ, ಆದರೆ ಅಲ್ಲಿಗೆ ಒಯ್ಯುವ ದೋಣಿಯ ಓಡಾಟ ಸರೋವರದಲ್ಲಿ ನೀರೆಷ್ಟಿದೆ ಎಂಬುದನ್ನು ಅವಲಂಬಿಸಿದೆ. ರ‍್ಯಾಂಚ್‌ನ ಶುಲ್ಕ ದುಬಾರಿಯೆಂಬುದು ನಿಜ. ಆದರೂ ನನ್ನ ಆಯ್ಕೆ ಅದೇ, ಏಕೆಂದರೆ ಮುಂದಿನ ಕಠಿಣ ಭಾಗಕ್ಕೆ ಅದು ಎರಡು ದಿನ ಹತ್ತಿರದಲ್ಲಿದೆ.

ಹೆಜ್ಜೆ 2: ದಿನಕ್ಕೆ ಎಷ್ಟು?

ಎಂಟು ಗಂಟೆ ಹೊರೆಹೊತ್ತು ಏರುವವರಿಗೆ ದಿನಕ್ಕೆ 3,000ದಿಂದ 4,000 ಕ್ಯಾಲೊರಿ ಬೇಕಾಗುತ್ತದೆ. ಒಬ್ಬರಿಗೆ ದಿನಕ್ಕೆ 700ರಿಂದ 900 ಗ್ರಾಂ ಒಣ ಆಹಾರವೆಂದು ಹಿಡಿದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ, ಆದರೆ ಆ ಆಹಾರದಲ್ಲಿ ಕೊಬ್ಬು ಸಾಕಷ್ಟಿರಬೇಕು. ತುಪ್ಪದಲ್ಲಿ ಗ್ರಾಂಗೆ ಒಂಬತ್ತರ ಹತ್ತಿರ, ಕೊಬ್ಬರಿಯಲ್ಲಿ ಆರೂವರೆ, ಕಡಲೆಕಾಯಿಯಲ್ಲಿ ಐದೂಮುಕ್ಕಾಲರ ಹತ್ತಿರ ಕ್ಯಾಲೊರಿ ಇದ್ದರೆ, ಅವಲಕ್ಕಿಯಲ್ಲಿ ಮೂರೂವರೆ ಮಾತ್ರ.

ಎಲ್ಲ ದಿನಕ್ಕೂ ಒಂದೇ ಅಳತೆಯಲ್ಲಿ ಕಟ್ಟುವುದು ಸಾಮಾನ್ಯ ತಪ್ಪು. ಎತ್ತರಕ್ಕೆ ಹೊಂದಿಕೊಳ್ಳದ ಮೊದಲ ನಾಲ್ಕೈದು ದಿನ ಹಸಿವು ಸತ್ತಿರುತ್ತದೆ. ಮೊದಲ ವಾರ ಕಳೆದ ಮೇಲೆ ಎಷ್ಟು ತಿಂದರೂ ಸಾಲದು. ಹಾಗಾಗಿ ಮೊದಲ ತುಂಡಿಗೆ 650 ಗ್ರಾಂ, ಕೊನೆಯ ತುಂಡುಗಳಿಗೆ 850 ಗ್ರಾಂ ಎಂದು ಏರುಕ್ರಮದಲ್ಲಿ ಕಟ್ಟಿ.

ಹೆಜ್ಜೆ 3: ಕರಡಿ ಡಬ್ಬದಿಂದ ಹಿಂದಕ್ಕೆ ಲೆಕ್ಕ ಹಾಕಿ

ಯೋಜನೆ ಮುರಿದುಬೀಳುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಯೊಸೆಮಿಟಿಯ ಕಾಡಿನಲ್ಲಿ ರಾತ್ರಿ ತಂಗುವವರೆಲ್ಲರೂ, ದಕ್ಷಿಣದ ಸಿಕ್ವೊಯಾ–ಕಿಂಗ್ಸ್ ಕ್ಯಾನ್ಯನ್ ಉದ್ಯಾನಗಳ ಕೆಲವು ಭಾಗಗಳಲ್ಲಿಯೂ, ಆಹಾರವನ್ನು ಬೇರ್ ಕ್ಯಾನಿಸ್ಟರ್ ಎಂಬ ಗಟ್ಟಿ ಡಬ್ಬದಲ್ಲಿಯೇ ಇಡಬೇಕೆಂಬ ನಿಯಮವಿದೆ. ಮರಕ್ಕೆ ಚೀಲ ನೇತುಹಾಕುವ ಹಳೆಯ ಉಪಾಯವನ್ನು ಇಲ್ಲಿನ ಕಪ್ಪು ಕರಡಿಗಳು ಎಂದೋ ಕಲಿತುಬಿಟ್ಟಿವೆ. ಹೆಚ್ಚು ಬಳಕೆಯಲ್ಲಿರುವ ಬೇರ್‌ವಾಲ್ಟ್ ಬಿವಿ500 ಡಬ್ಬದ ಒಳಗಾತ್ರ ಹನ್ನೊಂದೂವರೆ ಲೀಟರ್. ಒಬ್ಬರ ಒಂದು ದಿನದ ಆಹಾರ ಸುಮಾರು 1.6 ಲೀಟರ್ ಜಾಗ ಹಿಡಿಯುತ್ತದೆಂಬುದು ಚಾರಣಿಗರ ರೂಢಿಯ ಲೆಕ್ಕ; ಅಂದರೆ ಈ ಡಬ್ಬ ಏಳು ದಿನಕ್ಕೆ ತುಂಬಿತು. ಅದರಲ್ಲಿಯೇ ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ತುಟಿಗೆ ಹಚ್ಚುವ ಮುಲಾಮು, ತಿಂದು ಬಿಸಾಡಬೇಕಾದ ಖಾಲಿ ಪೊಟ್ಟಣ, ಹೀಗೆ ವಾಸನೆ ಇರುವುದೆಲ್ಲವೂ ಸೇರಬೇಕು.

ಈಗ ಕೊನೆಯ ತುಂಡನ್ನು ನೋಡಿ. ದಿನಕ್ಕೆ 20 ಕಿ.ಮೀ. ನಡೆದರೂ 180 ಕಿ.ಮೀ.ಗೆ ಒಂಬತ್ತು ದಿನ ಬೇಕು. ನಡುವೆ ಮ್ಯೂರ್, ಮ್ಯಾಥರ್, ಪಿಂಚೊ, ಗ್ಲೆನ್, ಫಾರೆಸ್ಟರ್ ಎಂಬ ಕಣಿವೆದಾರಿಗಳನ್ನು ದಾಟಬೇಕಾಗಿರುವುದರಿಂದ, ಫಾರೆಸ್ಟರ್ ಒಂದೇ 4,000 ಮೀಟರ್ ಮೀರಿರುವುದರಿಂದ, ಹೊಸಬರು 16 ಕಿ.ಮೀ.ಗಿಂತ ಹೆಚ್ಚು ನಡೆಯುತ್ತೇವೆಂದು ಹೇಳಿಕೊಳ್ಳದಿರುವುದೇ ಒಳಿತು. ಆಗ ಹನ್ನೊಂದು ದಿನ. ಏಳು ದಿನದ ಡಬ್ಬದಲ್ಲಿ ಹನ್ನೊಂದು ದಿನದ ಊಟ ಕೂರುವುದಿಲ್ಲ. ಡಬ್ಬದ ಹೊರಗಿಡಬಹುದಾದದ್ದು ಮೊದಲ ದಿನದ ಊಟ ಮಾತ್ರ, ಏಕೆಂದರೆ ಅದು ರಾತ್ರಿಯೊಳಗೆ ಹೊಟ್ಟೆ ಸೇರಿರುತ್ತದೆ. ಹೀಗೆ ಎಂಟು ದಿನವಾಯಿತು. ಉಳಿದ ಮೂರು ದಿನಕ್ಕೆ ಏನಾದರೂ ಮಾಡಲೇಬೇಕು.

ಹದಿನಾಲ್ಕು ಲೀಟರ್ ಮೀರಿದ ದೊಡ್ಡ ಡಬ್ಬಗಳು ಸಿಗುತ್ತವೆ, ಬೆಲೆಯೂ ಹಾಗೆಯೇ ದೊಡ್ಡದು, ಮತ್ತು ತುಂಬಿದ ಮೇಲೆ ಬೆನ್ನಿಗೆ ಅದು ಶಿಕ್ಷೆ. ನನ್ನ ಸಲಹೆ ಬೇರೆ: ಕಿಯರ್‌ಸಾರ್ಜ್ ಕಣಿವೆದಾರಿಯ ಮೂಲಕ ಹೊರಗೆ ಇಳಿದು ಇಂಡಿಪೆಂಡೆನ್ಸ್ ಎಂಬ ಸಣ್ಣ ಊರಿನಲ್ಲಿ ಮತ್ತೊಮ್ಮೆ ತುಂಬಿಸಿಕೊಳ್ಳಿ. ರ‍್ಯಾಂಚ್‌ನಿಂದ ಆ ಕವಲು ಸುಮಾರು 113 ಕಿ.ಮೀ., ಅಂದರೆ ಏಳು ದಿನ, ಡಬ್ಬಕ್ಕೆ ಅಳತೆ ಹಿಡಿದಂತೆ. ಕವಲಿನಿಂದ 3,584 ಮೀಟರ್ ಎತ್ತರದ ಕಿಯರ್‌ಸಾರ್ಜ್ ದಾಟಿ ಅನಿಯನ್ ವ್ಯಾಲಿಯ ವಾಹನ ನಿಲ್ದಾಣಕ್ಕೆ 12 ಕಿ.ಮೀ. ಅಲ್ಲಿಂದ ಊರಿಗೆ ಬಸ್ಸಿಲ್ಲ. ಮೊದಲೇ ಗೊತ್ತುಪಡಿಸಿದ ವಾಹನ ಬೇಕು, ಇಲ್ಲವೇ ಯಾರಾದರೂ ಕರೆದೊಯ್ಯುವವರೆಗೆ ರಸ್ತೆಬದಿಯಲ್ಲಿ ಕೈ ತೋರಿಸುತ್ತ ನಿಲ್ಲಬೇಕು. ಹೋಗಿಬರಲು ಒಂದೂವರೆ ದಿನ ಹೆಚ್ಚು ಹಿಡಿಯುತ್ತದೆಂದು ಅನೇಕರು ಇದನ್ನು ಬಿಟ್ಟು, ಕೊನೆಯ ಮೂರು ದಿನ ಅರೆಹೊಟ್ಟೆಯಲ್ಲಿ ಫಾರೆಸ್ಟರ್ ಹತ್ತುತ್ತಾರೆ. ಮೊದಲ ಸಲ ನಡೆಯುವವರು ಈ ಉಳಿತಾಯ ಮಾಡಬಾರದು.

ಹೀಗೆ ಕೊನೆಯ ತುಂಡು ನಿಶ್ಚಯವಾದ ಮೇಲೆ ಮಾತ್ರ ಮೊದಲಿನವು ಸುಲಭ: ಹ್ಯಾಪಿ ಐಲ್ಸ್‌ನಿಂದ ರೆಡ್ಸ್ ಮೆಡೋಗೆ ಆರು ದಿನ, ಅಲ್ಲಿಂದ ರ‍್ಯಾಂಚ್‌ಗೆ ಐದು, ರ‍್ಯಾಂಚ್‌ನಿಂದ ಕವಲಿಗೆ ಏಳು, ಕವಲಿನಿಂದ ವಿಟ್ನಿ ಪೋರ್ಟಲ್‌ಗೆ ನಾಲ್ಕು. ಅನಿಯನ್ ವ್ಯಾಲಿಗೆ ಇಳಿಯುವ ಹೊತ್ತಿಗೆ ಡಬ್ಬ ಖಾಲಿಯಾಗಿರುತ್ತದಾದ್ದರಿಂದ ಆ ಇಳಿತಕ್ಕೆಂದು ಒಂದು ಚಿಕ್ಕಿ ಕಟ್ಟನ್ನು ಬೇರೆಯಾಗಿಯೇ ಎತ್ತಿಡಿ.

ಹೆಜ್ಜೆ 4: ಡಬ್ಬಕ್ಕೆ ಒಪ್ಪುವ ತಿನಿಸು

ಇಲ್ಲಿ ತೂಕಕ್ಕಿಂತ ಗಾತ್ರ ಮುಖ್ಯ. ಚಕ್ಕುಲಿ, ಕೋಡುಬಳೆಗಳನ್ನು ಅಮ್ಮ ಊರಿನಿಂದ ಎಷ್ಟೇ ಪ್ರೀತಿಯಿಂದ ಕಳುಹಿಸಿರಲಿ, ಅವು ಡಬ್ಬದಲ್ಲಿ ಗಾಳಿಗೆ ಜಾಗ ಕಾಯ್ದಿರಿಸುವ ತಿಂಡಿಗಳು; ಕಾರಿನಲ್ಲಿ ತಿಂದು ಮುಗಿಸಿ. ಖಡಕ್ ಜೋಳದ ರೊಟ್ಟಿ ಡಬ್ಬದ ಬಾಯಿಯೊಳಗೆ ಹೋಗುವುದಿಲ್ಲ, ಮುರಿದು ತುಂಬಿದರೆ ಪುಡಿಯಾಗುತ್ತದೆ. ಬೇಳೆ ಒಯ್ಯಲೇಬೇಡಿ: ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿದರೆ, 3,300 ಮೀಟರ್ ಎತ್ತರದಲ್ಲಿ 89ಕ್ಕೇ ಕುದಿಯುತ್ತದೆ, ಕುಕ್ಕರಿಲ್ಲದೆ ತೊಗರಿಬೇಳೆ ಗಂಟೆಗಟ್ಟಲೆ ಕುದಿದರೂ ಬೇಯದೆ ಗ್ಯಾಸ್ ಮುಗಿಯುತ್ತದೆ. ಬಿಸಿಮಾಡಿ ತಿನ್ನುವ ಬಿಸಿಬೇಳೆಬಾತ್, ರಾಜ್ಮಾಗಳ ಸಿದ್ಧ ಪೌಚುಗಳು ಇನ್ನೂ ಕೆಟ್ಟ ವ್ಯಾಪಾರ, ಏಕೆಂದರೆ ಅವುಗಳಲ್ಲಿ ಹೆಚ್ಚಿನ ಭಾಗ ನೀರು. ದಾರಿಯುದ್ದಕ್ಕೂ ಹೊಳೆ ಹರಿಯುತ್ತಿರುವಾಗ ನೀರನ್ನು ಕೊಂಡು ಹೊರುವುದೇಕೆ?

ಒಪ್ಪುವಂಥವು ನಮ್ಮ ಅಡುಗೆಮನೆಯಲ್ಲಿಯೇ ಇವೆ. ಅವಲಕ್ಕಿಯನ್ನು ಹಾಗೆಯೇ ತುಂಬಿದರೆ ಅರ್ಧ ಡಬ್ಬ ನುಂಗುತ್ತದೆ. ಗೊಜ್ಜವಲಕ್ಕಿಗೆ ಮಾಡುವಂತೆ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಒಡೆದು, ಹುಣಸೆಪುಡಿ, ಬೆಲ್ಲದ ಪುಡಿ, ಸಾರಿನ ಪುಡಿ, ಉಪ್ಪು, ಕೊಬ್ಬರಿ ತುರಿ, ಹುರಿದ ಕಡಲೆಕಾಯಿ ಬೆರೆಸಿಟ್ಟರೆ ಜಾಗ ಬಹಳ ಕಡಿಮೆಯಾಗುತ್ತದೆ, ಮತ್ತು ಒಲೆ ಹಚ್ಚದೆ ತಣ್ಣೀರಿನಲ್ಲಿಯೇ ಕಾಲು ಗಂಟೆಯಲ್ಲಿ ನೆನೆಯುತ್ತದೆ. ರಾಗಿ ಹುರಿಹಿಟ್ಟಿಗೆ ಬೆಲ್ಲ, ಏಲಕ್ಕಿ, ಹಾಲಿನ ಪುಡಿ ಸೇರಿಸಿ, ತಿನ್ನುವಾಗ ಬಿಸಿನೀರೂ ಎರಡು ಚಮಚ ತುಪ್ಪವೂ ಹಾಕಿಕೊಂಡರೆ ಬೆಳಗಿನ ಚಿಂತೆ ಇಲ್ಲ. ರಾತ್ರಿಗೆ ಹುರಿದ ರವೆಯ ಉಪ್ಪಿಟ್ಟು ಅಥವಾ ಶಾವಿಗೆ. ಒಗ್ಗರಣೆಯನ್ನು ಮನೆಯಲ್ಲಿಯೇ ಹಾಕಿ, ಕರಿಬೇವು ಗರಿಗರಿಯಾಗುವವರೆಗೆ ಹುರಿದಿರಬೇಕು, ಇಲ್ಲದಿದ್ದರೆ ಎರಡು ವಾರದಲ್ಲಿ ಮುಗ್ಗಲು ವಾಸನೆ ಬರುತ್ತದೆ. ಶೇಂಗಾ ಚಟ್ನಿಪುಡಿ ಕಡ್ಡಾಯ. ಹನ್ನೆರಡನೆಯ ದಿನ ಸಿಹಿ ಕಂಡರೆ ವಾಕರಿಕೆ ಬರುವಾಗ ಇದರ ಬೆಲೆ ತಿಳಿಯುತ್ತದೆ. ಸಿಹಿಯ ಬಾರುಗಳನ್ನೇ ಪೆಟ್ಟಿಗೆಗಟ್ಟಲೆ ಕೊಳ್ಳುವವರು ಒಮ್ಮೆ ಮನೆಯಲ್ಲಿ ಐದು ದಿನ ಸತತವಾಗಿ ಅದನ್ನೇ ತಿಂದು ನೋಡಲಿ.

ತುಂಬುವ ಕ್ರಮವೂ ಮುಖ್ಯ. ಅಂಗಡಿಯ ಪೊಟ್ಟಣಗಳನ್ನೆಲ್ಲ ಒಡೆದು ತೆಳು ಜಿಪ್ ಚೀಲಗಳಿಗೆ ವರ್ಗಾಯಿಸಿ. ಒಡೆಯದೆ ಒಯ್ಯುವುದಕ್ಕೆ ಸೂಜಿಯಿಂದ ಮೂಲೆಯಲ್ಲಿ ಒಂದು ತೂತು ಮಾಡಿ, ಗಾಳಿ ಹಿಂಡಿ, ಟೇಪು ಅಂಟಿಸಿ, ಏಕೆಂದರೆ ಎತ್ತರಕ್ಕೆ ಹೋದಂತೆ ಮುಚ್ಚಿದ ಪೊಟ್ಟಣ ಉಬ್ಬಿ ನಿಲ್ಲುತ್ತದೆ. ಕೊನೆಯ ದಿನದ್ದು ತಳದಲ್ಲಿ, ಮೊದಲು ತಿನ್ನುವುದು ಮೇಲೆ. ಚಪ್ಪಟೆಯಾದ ಚಿಕ್ಕಿಗಳನ್ನು ಡಬ್ಬದ ಗೋಡೆಗೆ ಒತ್ತಿ ನಿಲ್ಲಿಸಿ, ಹಿಟ್ಟಿನ ಚೀಲಗಳನ್ನು ನಡುವೆ ಇಟ್ಟು ಅಂಗೈಯಿಂದ ಅದುಮಿದರೆ, ಹಿಟ್ಟು ಸಂದುಗಳಿಗೆಲ್ಲ ಹರಿದು ಕೂರುತ್ತದೆ. ತುಪ್ಪದ ಬಾಟಲಿಗೆ ಮಾತ್ರ ಎರಡು ಚೀಲ; ಮಧ್ಯಾಹ್ನದ ಬಿಸಿಲಿಗೆ ಕರಗಿ ಸೋರಿದ ತುಪ್ಪ ಹುರಿಹಿಟ್ಟನ್ನು ಮಾತ್ರವಲ್ಲ, ಸನ್‌ಸ್ಕ್ರೀನನ್ನೂ ಜಿಡ್ಡು ಮಾಡುತ್ತದೆ. ಇಷ್ಟನ್ನೂ ಅಂಚೆಯಲ್ಲಿ ಕಳುಹಿಸುವ ಬಕೆಟ್‌ಗೆ ಹಾಕುವ ಮೊದಲು, ಮನೆಯಲ್ಲಿ ಒಮ್ಮೆ ಡಬ್ಬದೊಳಗೆ ತುಂಬಿ ಮುಚ್ಚಳ ಬೀಳುವುದೇ ಎಂದು ಪರೀಕ್ಷಿಸಿ.

ಹೆಜ್ಜೆ 5: ಕಳುಹಿಸುವುದು

ರೆಡ್ಸ್ ಮೆಡೋದಲ್ಲಿ ಅಂಗಡಿಯೂ ಊಟದ ಮನೆಯೂ ಇರುವುದರಿಂದ ಮುಂದಿನ ಐದು ದಿನದ್ದನ್ನು ಅಲ್ಲಿಯೇ ಕೊಳ್ಳಬಹುದು, ಆದರೆ ಸಸ್ಯಾಹಾರಿಗಳು ಒಂದು ಸಣ್ಣ ಪೆಟ್ಟಿಗೆಯನ್ನಾದರೂ ಕಳುಹಿಸುವುದು ಕ್ಷೇಮ.

ರ‍್ಯಾಂಚ್‌ಗೆ ರಟ್ಟಿನ ಪೆಟ್ಟಿಗೆ ನಡೆಯುವುದಿಲ್ಲ. ಇಲಿಗಳ ಕಾಟದಿಂದಾಗಿ ಗಟ್ಟಿ ಮುಚ್ಚಳದ ಐದು ಗ್ಯಾಲನ್ ಪ್ಲಾಸ್ಟಿಕ್ ಬಕೆಟ್ಟನ್ನೇ ಅವರು ಸ್ವೀಕರಿಸುತ್ತಾರೆ, 25 ಪೌಂಡು ಅಂದರೆ 11 ಕಿಲೊ ಚಿಲ್ಲರೆ ಮಿತಿಯೊಳಗೆ. ರಸ್ತೆ ಮುಗಿದ ಮೇಲೆ ಫ್ಲಾರೆನ್ಸ್ ಸರೋವರವನ್ನು ದೋಣಿಯಲ್ಲಿ ದಾಟಿಸಿ ಅದನ್ನು ಒಯ್ಯಬೇಕಾಗುವುದರಿಂದ, ನೀವು ತಲುಪುವ ದಿನಕ್ಕಿಂತ ಮೂರು ವಾರ ಮೊದಲೇ ಅಂಚೆಗೆ ಹಾಕಿರಬೇಕು. ಹೆಸರು ಮತ್ತು ತಲುಪುವ ದಿನಾಂಕವನ್ನು ಮುಚ್ಚಳದ ಮೇಲೂ ಬದಿಯಲ್ಲೂ ಅಳಿಸದ ಶಾಯಿಯಲ್ಲಿ ಬರೆಯಿರಿ. ಹಿಮ ಹೆಚ್ಚು ಬಿದ್ದ ವರ್ಷ ರ‍್ಯಾಂಚ್ ತಡವಾಗಿ ತೆರೆಯುವುದುಂಟು. ಹಣ ಕಟ್ಟುವ ಮುನ್ನ ಆ ವರ್ಷದ ನಿಯಮ ಮತ್ತು ದಿನಾಂಕಗಳನ್ನು ಅವರ ಜಾಲತಾಣದಲ್ಲಿ ಓದಿಕೊಳ್ಳಿ. ಅಲ್ಲಿ ಆಹಾರದ ಅಂಗಡಿ ಇಲ್ಲವೆಂಬುದು ನೆನಪಿರಲಿ: ಆಗಲೇ ಹೇಳಿದ ಬಿಟ್ಟುಹೋದ ಬಕೆಟ್‌ಗಳಿಂದ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದರೂ, ಅದನ್ನೇ ನಂಬಿ ಬಕೆಟ್ ಕಳುಹಿಸದೆ ಹೋಗುವುದು ಜಾಣತನವಲ್ಲ.

ಗ್ಯಾಸ್ ಕ್ಯಾನಿಸ್ಟರನ್ನು ಬಕೆಟ್‌ನಲ್ಲಿ ಬಚ್ಚಿಟ್ಟು ಕಳುಹಿಸಬೇಡಿ. ಅದಕ್ಕೆ ವಿಮಾನದಲ್ಲಿ ಪ್ರವೇಶವಿಲ್ಲ, ನೆಲಮಾರ್ಗದ ಅಂಚೆಗೂ ಪ್ರತ್ಯೇಕ ಗುರುತು ಬೇಕು. ದಿನಕ್ಕೆ ಎರಡು ಸಲ ನೀರು ಕುದಿಸುವ ಒಬ್ಬರಿಗೆ 230 ಗ್ರಾಂನ ಒಂದು ಕ್ಯಾನಿಸ್ಟರ್ ಎಂಟು ದಿನಕ್ಕೆ ಮೋಸವಿಲ್ಲ. ಮುಂದಿನದನ್ನು ದಾರಿಯ ನಿಲ್ದಾಣಗಳಲ್ಲಿ ಕೊಳ್ಳಿ, ದಾಸ್ತಾನಿದೆಯೇ ಎಂದು ಮೊದಲೇ ವಿಚಾರಿಸಿ.

ಇಂಡಿಪೆಂಡೆನ್ಸ್‌ಗೆ ಕಳುಹಿಸುವ ಪೆಟ್ಟಿಗೆ ಅತಿ ಸರಳ: ನಿಮ್ಮ ಹೆಸರು, ಅದರ ಕೆಳಗೆ 'ಜನರಲ್ ಡೆಲಿವರಿ', ಊರು, ಪಿನ್ ಸಂಖ್ಯೆ, ಒಂದು ಮೂಲೆಯಲ್ಲಿ ತಲುಪುವ ಅಂದಾಜು ದಿನಾಂಕ, ಅಷ್ಟೇ. ತೆಗೆದುಕೊಳ್ಳಲು ಭಾವಚಿತ್ರವಿರುವ ಗುರುತಿನ ಚೀಟಿ ಬೇಕು, ಅದು ಕಾರಿನಲ್ಲಿ ಉಳಿಯದಿರಲಿ. ನಡಿಗೆಯ ದಿನಗಳನ್ನು ಪಂಚಾಂಗದ ಮೇಲೆ ಗುರುತು ಹಾಕುವಾಗ, ಈ ಊರಿಗೆ ಇಳಿಯುವುದು ಸೋಮವಾರದಿಂದ ಗುರುವಾರದೊಳಗೆ ಬರುವಂತೆ ಹೊರಡುವ ದಿನವನ್ನೇ ಹಿಂದೆಮುಂದೆ ಮಾಡಿಕೊಳ್ಳಿ. ಶುಕ್ರವಾರ ಸಂಜೆ ತಲುಪಿದವರು ಅಂಚೆ ಕಚೇರಿಯ ಬಾಗಿಲು ತೆರೆಯುವುದನ್ನು ಕಾಯುತ್ತ ಹೋಟೆಲ್ ಕೋಣೆಗೆ ಬಾಡಿಗೆ ಕೊಡಬೇಕಾಗುತ್ತದೆ.